ಬಾಗಿಲ ಹಿಂದಿನ ‘ಬರ್ತೀನಿ’

ಬಾಗಿಲು ಮುರಿದಾಗ ಮೊದಲು ಕಂಡದ್ದು ತಲೆಗಳು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಕಣ್ಣುಮೂಗಿಲ್ಲದ ಮರದ ತಲೆಗಳು. ಒಂದೊಂದರ ಮೇಲೂ ಒಂದೊಂದು ವಿಗ್ಗು — ರಾಣಿಯದು, ಮುದುಕಿಯದು, ಹುಚ್ಚಿಯದು. ನಡುವೆ, ಕನ್ನಡಿಯ ಮುಂದಿನ ಕುರ್ಚಿಯಲ್ಲಿ, ನಿಜವಾದ ತಲೆಯೊಂದು ವಾಲಿಕೊಂಡಿತ್ತು. ಸಿನಿಮಾದವರಿಗೆಲ್ಲ ವಿಗ್ಗು ಮಾಡಿಕೊಡುತ್ತಿದ್ದ ದೊಡ್ಡಮ್ಮ! ಕೊರಳಿಗೆ ಉದ್ದನೆಯ ಕರಿ ಜಡೆಯೊಂದು ಬಿಗಿದಿತ್ತು.

ಪತ್ರಿಕೆಯ ವರದಿಗಾರ್ತಿ ಬಂದಾಗ ಹೆಣವನ್ನಿನ್ನೂ ಸಾಗಿಸಿರಲಿಲ್ಲ. ಕಚೇರಿಯಲ್ಲಿ ಅವಳ ಹೆಸರೇ ‘ಕೊಕ್ಕೆ’. ಯಾರು ಏನೇ ಹೇಳಲಿ, ಒಂದು ಕೊಕ್ಕೆ ಹಾಕದೆ ಬಿಟ್ಟವಳಲ್ಲ ಪುಣ್ಯಾತ್ಗಿತ್ತಿ. ಹೊಲಿಗೆ-ಕಸೂತಿಯ ಪುಟ ಬರೆದು ಬರೆದು ಸಾಕಾಗಿ, ಸಂಪಾದಕರ ಬೆನ್ನು ಬಿದ್ದು ಗಿಟ್ಟಿಸಿಕೊಂಡ ಮೊದಲ ಕೊಲೆ ಇದು. ಮೆಟ್ಟಿಲು ಹತ್ತುವಾಗ ಒಳಗೊಳಗೇ ಖುಷಿಯಿತ್ತು. ಕೋಣೆಗೆ ಕಾಲಿಟ್ಟದ್ದೇ ತಡ, ಆ ಖುಷಿ ಎಲ್ಲಿ ಹೋಯಿತೋ!

“ಇನ್ನೊಂದ್ಸಲ ಹೇಳಮ್ಮ,” ಎನ್ನುತ್ತಿದ್ದ ಇನ್ಸ್‌ಪೆಕ್ಟರು.

ಎದುರಿಗೆ ನಡುಗುತ್ತ ನಿಂತವಳು ಹೆಣಿಗೆಯವಳು — ದೊಡ್ಡಮ್ಮನ ಕೈಕೆಳಗೆ ವಿಗ್ಗುಗಳಿಗೆ ಕೂದಲು ಹೆಣೆಯುತ್ತಿದ್ದ ಹೆಂಗಸು.

“ಮಧ್ಯಾಹ್ನ ಬಾಗ್ಲು ತಟ್ಟಿದೆ ಸಾರ್. ಒಳಗಿಂದ ‘ಬರ್ತೀನಿ’ ಅಂದ್ರು. ಕಾದೆ, ಕಾದೆ — ಬರ್ಲೇ ಇಲ್ಲ. ಹೆದರಿಕೆ ಆಗಿ ಕೆಳಗಿನ ಅಂಗಡಿಯೋರನ್ನ ಕೂಗಿದೆ. ಅವರೇ ಬಾಗ್ಲು ಮುರಿದದ್ದು.”

“ಯಾರು ‘ಬರ್ತೀನಿ’ ಅಂದಿದ್ದು?”

“ದೊಡ್ಡಮ್ಮನೇ! ಅವರ ದನಿ ನಂಗೊತ್ತಿಲ್ವಾ?”

“ಡಾಕ್ಟ್ರು ನೋಡಿದಾರೆ ಕಣಮ್ಮ. ಬೆಳಿಗ್ಗೇನೇ ಪ್ರಾಣ ಹೋಗಿದೆ. ಮೈಯೆಲ್ಲ ಮರಗಟ್ಟಿತ್ತು. ಹೆಣ ಮಾತಾಡ್ತಾ?”

“ಮಾತಾಡ್ತು ಸಾರ್… ನನ್ ಕಿವಿಯಾರೆ ಕೇಳಿದೀನಿ.”

ಎಲ್ಲಿಂದಲೋ ಗಾಳಿ ಬಂತು. ಹಲಗೆಯ ಮೇಲಿನ ಕೂದಲೆಲ್ಲ ಒಮ್ಮೆ ಮಿಸುಕಿತು.

“ಹಿಂದಿನ ಮೆಟ್ಟಿಲಿನ ಬಾಗ್ಲಿಗೆ ಚಿಲಕ ಹಾಕಿರ್ಲಿಲ್ಲ,” ಎಂದ ಇನ್ಸ್‌ಪೆಕ್ಟರು. “ಬೆಳಿಗ್ಗೆ ಆ ಕಡೆಯಿಂದ ಬಂದು ಕೆಲ್ಸ ಮುಗಿಸಿದಾಳೆ. ಮಧ್ಯಾಹ್ನ ಈ ಕಡೆ ನಿಂತು ನಾಟಕ ಆಡಿದಾಳೆ. ಸಂಜೆ ಠಾಣೆಗೆ ನಡಿ.”

“ಅಯ್ಯೋ, ಮನೇಲಿ ಹಾಲು ಕುಡಿಯೋ ಕೂಸಿದೆ ಸಾರ್!”

“ಸುಳ್ಳು ಹೇಳೋಳು ನಂಬೋ ಹಾಗಾದ್ರೂ ಹೇಳ್ತಿರ್ಲಿಲ್ವಾ ಇನ್ಸ್‌ಪೆಕ್ಟ್ರೇ?” ವರದಿಗಾರ್ತಿಯ ಕೊಕ್ಕೆ ಬಿತ್ತು.

“ನೀವು ನಿಮ್ಮ ಹೊಲಿಗೆ ಪುಟ ನೋಡ್ಕೊಳ್ಳಿ ಮೇಡಂ.”

ಕೆಳಗಿನಿಂದ ಪೇದೆ, “ಸಾರ್! ಗಾಡಿ ಬಂತು!” ಎಂದು ಕೂಗಿದ. “ಬಂದೆ ಕಣಯ್ಯ!” ಎನ್ನುತ್ತ ಇನ್ಸ್‌ಪೆಕ್ಟರು ಇಳಿದುಹೋದ.

ಕೊಕ್ಕೆ ಕುರ್ಚಿಯ ಹತ್ತಿರ ಬಗ್ಗಿದಳು. ಕೊರಳು ಬಿಗಿಸಿಕೊಂಡು ಒದ್ದಾಡಿದವಳ ತಲೆ ಕೆದರಿರಬೇಕಲ್ಲವೇ? ದೊಡ್ಡಮ್ಮನ ಬಿಳಿಗೂದಲು ನುಣ್ಣಗೆ ಬಾಚಿ ಗಂಟು ಕಟ್ಟಿತ್ತು. ಬಾಚಣಿಗೆ ಮಡಿಲಲ್ಲೇ ಇತ್ತು. ಸತ್ತ ಮೇಲೆ ಯಾರೋ ಪಕ್ಕದಲ್ಲಿ ಕೂತು, ಅವಸರವಿಲ್ಲದೆ, ತಲೆ ಬಾಚಿದ್ದಾರೆ. ಅಬ್ಬಾ!

ಮೂಲೆಯಲ್ಲಿ ದೊಡ್ಡಮ್ಮನ ತಂಗಿ, ಎಲ್ಲರ ಬಾಯಲ್ಲೂ ಚಿಕ್ಕಮ್ಮ, ಬಾಯಿಗೆ ಕರವಸ್ತ್ರ ಒತ್ತಿ ಕೂತಿದ್ದಳು. ಮದುವೆಯಿಲ್ಲ, ಮಕ್ಕಳಿಲ್ಲ, ಹಿಂದಿನ ಓಣಿಯಲ್ಲೇ ಮನೆ. ಹರೆಯದಲ್ಲಿ ಬಂದ ಜ್ವರಕ್ಕೆ ಕೂದಲು ಕಳೆದುಕೊಂಡವಳು. ಅವಳ ತಲೆಯ ಮೇಲಿದ್ದದ್ದೂ ಅಕ್ಕ ಮಾಡಿಕೊಟ್ಟ ವಿಗ್ಗೇ.

“ಬೆಳಿಗ್ಗೆ ಬಂದಿದ್ರಾ ಚಿಕ್ಕಮ್ಮ?”

“ಇಲ್ಲಮ್ಮ. ತಲೆನೋವು, ಮಲಗಿದ್ದೆ. ದಿನಾ ಬರೋಳು, ಇವತ್ತೊಂದಿನ…” ಕರವಸ್ತ್ರದ ಹಿಂದಿನ ಪಿಸುಮಾತು ಅಲ್ಲಿಗೇ ನಿಂತಿತು.

ಹೆಣವನ್ನು ಇಳಿಸಿದರು. ಅಷ್ಟರಲ್ಲಿ ಕೆಳಗಿನ ಅಂಗಡಿಯಿಂದ ಕೂಗು: “ಮೇಡಂ, ಪೇಪರ್ ಆಫೀಸಿಂದ ಫೋನು!”

“ಬಂದೆ, ಬಂದೆ!” ಕೊಕ್ಕೆ ಓಡಿದಳು.

“‘ಹೆಣ ಮಾತಾಡಿತು!’” ಸಂಪಾದಕರು ಆ ಕಡೆಯಿಂದ ಗುಡುಗಿದರು. “ತಲೆಬರಹ ರೆಡಿ. ಮೈ ಜುಮ್ಮನ್ನೋ ಹಾಗೆ ಬರಿ ನೋಡೋಣ!”

“ಅದು ಅಚ್ಚಾದ್ರೆ ಆ ಹೆಂಗಸಿನ ಮಾತನ್ನ ಯಾರೂ ನಂಬಲ್ಲ ಸಾರ್.”

“ಅಚ್ಚಾಗ್ದಿದ್ರೆ ನಮ್ಮ ಪೇಪರ್ ಯಾರೂ ಕೊಳ್ಳಲ್ಲ ಕಣಮ್ಮ!”

ಮುಖ ಗಂಟಿಕ್ಕಿಕೊಂಡು ಮೆಟ್ಟಿಲು ಹತ್ತುತ್ತಿದ್ದವಳ ಕಾಲು ನಡುವೆ ತಟ್ಟನೆ ನಿಂತಿತು. ಈಗ ತಾನೇ ತಾನು ಕೂಗಿದ್ದೇನು? ಇನ್ಸ್‌ಪೆಕ್ಟರು ಕೂಗಿದ್ದೇನು? ಮರಳಿ ದಡದಡನೆ ಇಳಿದು ಫೋನು ಹಿಡಿದಳು. “ತಲೆಬರಹ ಕಿತ್ತು ಹಾಕಿಸಿ ಸಾರ್!”

ಮೇಲೆ ಬಂದು ಚಿಕ್ಕಮ್ಮನ ಭುಜ ಮುಟ್ಟಿದಳು. “ಒಳಕೋಣೇಲಿ ಸ್ವಲ್ಪ ಮಲಗಿ. ಬಾಗ್ಲು ಹಾಕ್ಕೊಳ್ಳಿ. ಯಾರೂ ತೊಂದರೆ ಕೊಡಲ್ಲ.”

ಬಾಗಿಲು ಮುಚ್ಚಿತು. ಗಾಡಿ ಕಳಿಸಿ ಮೇಲೆ ಬಂದಿದ್ದ ಇನ್ಸ್‌ಪೆಕ್ಟರನ್ನೂ ಹೆಣಿಗೆಯವಳನ್ನೂ ಸನ್ನೆ ಮಾಡಿ ಹತ್ತಿರ ಕರೆದಳು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿದಳು.

“ಬಂದೆ… ಬಂದೆ.”

ಹೆಣಿಗೆಯವಳು ಕೊಕ್ಕೆಯ ತೋಳನ್ನು ಗಬಕ್ಕನೆ ಹಿಡಿದಳು. “ಅದೇ ದನಿ! ದೊಡ್ಡಮ್ಮ!”

ಬಾಗಿಲು ತೆರೆಯಿತು. ನಿಂತವಳು ಚಿಕ್ಕಮ್ಮ.

“ಒಡಹುಟ್ಟಿದೋರ ದನಿ ಬಾಗ್ಲ ಹಿಂದೆ ಒಂದೇ ಆಗಿಬಿಡತ್ತೆ,” ಎಂದಳು ಕೊಕ್ಕೆ. “ಆದ್ರೆ ಕೇಳಿ ಇನ್ಸ್‌ಪೆಕ್ಟ್ರೇ. ಕರೆದಾಗ ನೀವೇನಂದ್ರಿ? ‘ಬಂದೆ.’ ನಾನೇನಂದೆ? ‘ಬಂದೆ.’ ಚಿಕ್ಕಮ್ಮ ಈಗ ಏನಂದ್ರು? ಬಾಗ್ಲು ತೆಗೆಯೋಕೆ ಏಳೋರು ‘ಬಂದೆ’ ಅಂತಾರೆ. ‘ಬರ್ತೀನಿ’ ಅನ್ನೋರು ಯಾರು?”

ಇನ್ಸ್‌ಪೆಕ್ಟರು ಹಿಂದಿನ ಮೆಟ್ಟಿಲಿನ ಬಾಗಿಲ ಕಡೆ ತಿರುಗಿ ನೋಡಿದ. “…ಹೊರಡೋರು.”

“ಹೊರಡೋರು! ಈ ಹೆಂಗಸು ಕೇಳಿದ್ದು ಉತ್ತರ ಅಲ್ಲ. ಬಾಗ್ಲು ತಟ್ಟಿದ ಸದ್ದಿಗೆ ಬೆಚ್ಚಿ ಹಿಂದಿನ ಮೆಟ್ಟಿಲಿಗೆ ಓಡೋರು, ಇಷ್ಟು ವರ್ಷದ ರೂಢಿಗೆ, ಅಕ್ಕನಿಗೆ ಹೇಳಿದ ಮಾತು ಅದು. ಅಕ್ಕ ಸತ್ತಿದಾಳೆ ಅನ್ನೋದು ನಾಲಿಗೆಗೆ ಗೊತ್ತಿರ್ಲಿಲ್ಲ. ಅಲ್ವಾ ಚಿಕ್ಕಮ್ಮ?”

ಚಿಕ್ಕಮ್ಮ ಕುರ್ಚಿಯ ಕಡೆಗೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ ತನ್ನ ವಿಗ್ಗು ತೆಗೆದು ಖಾಲಿಯಿದ್ದ ಮರದ ತಲೆಯೊಂದಕ್ಕೆ ಹಾಕಿದಳು. ಬೋಳುತಲೆ ಬೆಳಕಿಗೆ ಮಿಂಚಿತು.

“ಕೊರಳಲ್ಲಿತ್ತಲ್ಲ, ಆ ಜಡೆ ನಂದೇ,” ಎಂದಳು. ಈಗ ದನಿ ಸ್ಪಷ್ಟವಾಗಿತ್ತು, ಥೇಟ್ ದೊಡ್ಡಮ್ಮನ ಹಾಗೆ. “ಸಿನಿಮಾದಲ್ಲಿ ಪಾರ್ಟು ಸಿಕ್ಕಿತ್ತು. ಅಷ್ಟರಲ್ಲಿ ಜ್ವರ. ಎದ್ದಾಗ ತಲೆ ಬೋಳು. ಜ್ವರಕ್ಕೆ ಉದುರಿತು ಅಂದ್ಳು ಅಕ್ಕ. ಕೂದಲು ಬರ್ಲಿ ಅಂತ ತಾನೇ ಔಷಧಿ ಹಚ್ಚಿದ್ಳು, ವರ್ಷಗಟ್ಟಲೆ. ಬೆಳಿಗ್ಗೆ ಇಲ್ಲಿ ಅಕ್ಕನ ಪೆಟ್ಟಿಗೆ ಒರೆಸ್ತಿದ್ದೆ. ತಳದಲ್ಲಿ ಆ ಜಡೆ. ತುದೀಲಿ ನಾನೇ ಕಟ್ಟಿದ್ದ ಕೆಂಪು ರಿಬ್ಬನ್ನು. ಉದುರಿದ ಕೂದಲು ಜಡೆಯಾಗಿ ಉದುರುತ್ತಾ ಹೇಳಮ್ಮ?”

ಚಿಕ್ಕಮ್ಮ ಬೋಳುತಲೆಯ ಮೇಲೆ ಕೈಯಾಡಿಸಿದಳು.

“ಕೇಳಿದೆ. ‘ನೀನು ನನ್ನ ಬಿಟ್ಟು ಹೋಗ್ಬಾರ್ದು ಅಂತ ಮಾಡ್ದೆ ಕಣೇ’ ಅಂದ್ಳು. ನಗ್ತಾ ಅಂದ್ಳು. ಹಚ್ಚಿದ ಔಷಧೀನೂ ಕೂದಲು ಉದುರಿಸೋದೇ ಅಂತೆ… ಆಮೇಲೆ ಅವಳ ತಲೆ ಕೆದರಿತ್ತು. ಹಾಗೇ ಬಿಟ್ಟು ಏಳೋಕೆ ಮನಸ್ಸಾಗ್ಲಿಲ್ಲ. ಮಧ್ಯಾಹ್ನದವರೆಗೂ ಬಾಚ್ತಾ ಕೂತೆ.”

ಹೆಣಿಗೆಯವಳು ಗೋಡೆಗೆ ಒರಗಿ ಬಿಕ್ಕಿದಳು. ಇನ್ಸ್‌ಪೆಕ್ಟರು ಅವಳ ಮುಖ ನೋಡಲಾರದೆ, “ನೀನು ಮನೆಗೆ ಹೋಗಮ್ಮ, ಕೂಸು ಕಾಯ್ತಿರತ್ತೆ,” ಎಂದ.

ಕೊಕ್ಕೆಗೆ ಗೆದ್ದ ಖುಷಿ ಬರಬೇಕಿತ್ತು. ಬರಲಿಲ್ಲ.

ಪೇದೆ ಚಿಕ್ಕಮ್ಮನ ತೋಳು ಹಿಡಿದ. ಹೊಸ್ತಿಲ ಹತ್ತಿರ ಅವಳ ಕಾಲು ತಾನಾಗಿ ನಿಂತಿತು. ಕೊರಳು ತಾನಾಗಿ ಕುರ್ಚಿಯ ಕಡೆ ತಿರುಗಿತು. ತುಟಿ ‘ಬ’ ಎನ್ನಲು ಕೂಡಿಕೊಂಡು, ಮತ್ತೆ ಬಿಟ್ಟುಕೊಂಡಿತು.

“ಅಕ್ಕಾ,” ಎಂದಳು, “ಹೋಗ್ತೀನಿ.”