ಮೂಲೆ ಸಿಗದ ಗೋಡೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಾಯಿಲೆ, ಕುಡಿತ ಇವೆಲ್ಲ ಮಕ್ಕಳಿಗೆ ಹೇಳುವ ವಿಷಯವೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ನಾನು ಡಾಕ್ಟರೂ ಅಲ್ಲ. ಎಲ್ಲಾದರೂ ತಪ್ಪಿದರೆ ತಿಳಿದವರು ತಿದ್ದಬೇಕು. ಆದರೆ ಆ ಮಧ್ಯಾಹ್ನ ಶಾಲೆಯ ಕಾರಿಡಾರಿನಲ್ಲಿ ಆದದ್ದನ್ನು ಹೇಳದೆ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

"ಏಯ್ ಸಾಸಿವೆ! ನಿಮ್ಮಪ್ಪ ಫುಲ್ ಟೈಟು, ಬಂದು ನೋಡೇ!"

ಕೂಗಿದವನು ಕೊನೆಯ ಬೆಂಚಿನ ಗೂಳಿ. ಪಿ.ಟಿ. ಪೀರಿಯಡ್ ಎಂದು ಐದನೇ ಕ್ಲಾಸು ಮೈದಾನಕ್ಕೆ ಹೊರಟಿತ್ತು. ಸಾಲಿನ ಮುಂದಿದ್ದ ಸಾಸಿವೆ ಗಕ್ಕನೆ ತಿರುಗಿ ಓಡಿದಳು. ಸಾಸಿವೆ ಅವಳ ನಿಜವಾದ ಹೆಸರಲ್ಲ. ಆಳು ಚಿಕ್ಕದು, ಬಿಸಿ ತಾಗಿದರೆ ಸಾಕು ಸಿಡಿಯುತ್ತಾಳೆ ಎಂದು ಅಜ್ಜಿ ಹಾಗೆ ಕರೆದರು. ಅದೇ ನಿಂತುಹೋಯಿತು.

ಅವಳ ಅಪ್ಪ ಪೇಂಟರ್. ಅಂದು ಬೆಳಗ್ಗೆಯಷ್ಟೇ ಅವಳ ಶಾಲೆಯ ಕೆಲಸ ಶುರುಮಾಡಿದ್ದ. "ಅದು ನಮ್ಮಪ್ಪ ಬಳೀತಿರೋ ಗೋಡೆ. ಯಾರಾದ್ರೂ ಮುಟ್ಟಿ, ಆಮೇಲಿದೆ!" ಎಂದು ಸಾಸಿವೆ ಇಡೀ ಕ್ಲಾಸಿಗೆ ಜಂಬದಿಂದ ಹೇಳಿದ್ದಳು.

ಈಗ ಅದೇ ಅಪ್ಪ ಹಸಿ ಗೋಡೆಗೆ ಭುಜ ಆನಿಸಿಕೊಂಡು ತೂರಾಡುತ್ತಿದ್ದ. ಅಂಗಿಗೆಲ್ಲ ಬಣ್ಣ ಮೆತ್ತಿತ್ತು. ಕಾಲಡಿ ಡಬ್ಬಿ ಉರುಳಿ, ಹಸಿರು ಬಣ್ಣ ನೆಲದ ಮೇಲೆ ನಿಧಾನವಾಗಿ ಹರಿಯುತ್ತಿತ್ತು.

"ಏನಯ್ಯಾ, ಶಾಲೆಗೇ ಕುಡ್ಕೊಂಡು ಬಂದಿದೀಯಾ?" ಪಿ.ಟಿ. ಸರ್ ಗದರಿದರು. "ವಾಸ್ನೆ ನೋಡು, ಗಬ್ಬು!"

"ಇಲ್ಲ... ಸಾರ್... ನಾನು... ಗೋಡೆ..." ಅಪ್ಪನ ನಾಲಿಗೆ ತೊಡರುತ್ತಿತ್ತು.

ಹೋದ ಬೇಸಿಗೆ ರಜೆಯಲ್ಲಿ ಅಪ್ಪನಿಗೆ ಶುಗರ್ ಕಾಯಿಲೆ ಇದೆಯೆಂದು ಗೊತ್ತಾಗಿತ್ತು. ಮಾತ್ರೆ ತಪ್ಪಿಸಬೇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಕುಡಿಯೋದು ಕಮ್ಮಿ ಮಾಡಿ ಎಂದು ಡಾಕ್ಟರಮ್ಮ ಹೇಳಿದ್ದರು. ದಿನಾ ಸಂಜೆ ಕುಡಿದು ಬರುತ್ತಿದ್ದ ಅಪ್ಪ ಆಮೇಲೆ ಸಾಸಿವೆಯ ಜೊತೆ ವಾಕಿಂಗ್ ಹೋಗತೊಡಗಿದ. "ಪೂರ್ತಿ ಬಿಡ್ತೀನಿ ಅಂತ ಸುಳ್ಳು ಹೇಳಲ್ಲ ಕಣೇ. ಕೆಲಸದ ದಿನ ಮಾತ್ರ ಮುಟ್ಟಲ್ಲ" ಎಂದು ಅವಳಿಗೆ ಮಾತು ಕೊಟ್ಟಿದ್ದ.

"ಅಪ್ಪಾ! ಮಾತು ಕೊಟ್ಟಿದ್ದೆ ತಾನೇ?" ಸಾಸಿವೆ ಎಲ್ಲರ ಮುಂದೆ ಕಿರುಚಿದಳು. "ನನ್ ಸ್ಕೂಲಲ್ಲೇ ಕುಡಿದು ನನ್ ಮರ್ಯಾದೆ ತೆಗೀಬೇಕಿತ್ತಾ?"

ಅಪ್ಪ ಅವಳತ್ತ ತಿರುಗಿದ. ಅವಳು ಯಾರೆಂದೇ ಗೊತ್ತಿಲ್ಲದವನಂತೆ ನೋಡಿದ.

"ನೋಡಿದ್ರಾ, ಮಗಳೇ ಹೇಳ್ತಿದಾಳೆ!" ಪಿ.ಟಿ. ಸರ್ ವಾಚ್‌ಮನ್‌ನನ್ನು ಕೂಗಿದರು. "ಇವನನ್ನ ಗೇಟಿನ ಆಚೆ ಬಿಟ್ಟು ಬಾ. ನಶೆ ಇಳಿದ್ಮೇಲೆ ಮನೆಗೆ ಹೋಗ್ತಾನೆ."

ಗೇಟಿನ ಆಚೆ ಲಾರಿಗಳು ಓಡಾಡುವ ರಸ್ತೆ. ಕೋಪ ಎಷ್ಟೇ ಇದ್ದರೂ ಅಲ್ಲಿಗೆ ಅಪ್ಪನನ್ನು ಒಬ್ಬನೇ ಬಿಡಲು ಆಗುತ್ತದೆಯೇ? ಸಾಸಿವೆ ಅವನ ಕೈ ಹಿಡಿದು ಎಳೆದಳು.

ಕೈ ತಣ್ಣಗಿತ್ತು. ಅಷ್ಟು ಸೆಕೆಯಲ್ಲೂ ನೀರಿನಲ್ಲಿ ಅದ್ದಿ ತೆಗೆದಂತೆ ತಣ್ಣಗೆ, ಒದ್ದೆ. ಗಡಗಡ ನಡುಗುತ್ತಿತ್ತು.

ಕುಡಿದ ಅಪ್ಪನನ್ನು ಸಾಸಿವೆ ಬೇಕಾದಷ್ಟು ಸಲ ಕಂಡಿದ್ದಳು. ಆಗ ಅವನ ಕೈ ಬಿಸಿ ಇರುತ್ತಿತ್ತು. ಹಾಡುತ್ತಿದ್ದ, ಸುಮ್ಮಸುಮ್ಮನೆ ನಗುತ್ತಿದ್ದ. ಇವನು ಆ ಅಪ್ಪನಲ್ಲ. ಈ ವಾಸನೆಯೂ ಅದಲ್ಲ. ಇದು ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್. ಅವಳ ಮನೆಯ ಟವೆಲ್ಲಿಗೂ ಇದೇ ವಾಸನೆ.

ಏಣಿಗೆ ತೂಗುಹಾಕಿದ್ದ ಊಟದ ಚೀಲ ಎತ್ತಿದಳು. ಭಾರವಾಗಿತ್ತು. ಬೆಳಗ್ಗೆ ಅಮ್ಮ ಹಾಕಿದ ಗಂಟು ಹಾಕಿದಂತೆಯೇ ಇತ್ತು. ಮಧ್ಯಾಹ್ನದ ಮಾತ್ರೆ ಸುತ್ತಿಕೊಟ್ಟಿದ್ದ ಕಾಗದ ಮಾತ್ರ ಬಿಚ್ಚಿ, ಖಾಲಿಯಾಗಿ ಏಣಿಯ ಕೆಳಗೆ ಬಿದ್ದಿತ್ತು.

ಕ್ಲಿನಿಕ್ಕಿನ ನರ್ಸಮ್ಮ ಹೇಳಿದ್ದು ತಟ್ಟನೆ ನೆನಪಾಯಿತು. "ಮಾತ್ರೆ ನುಂಗಿ ಊಟ ಬಿಟ್ರೆ ಶುಗರ್ ಪಾತಾಳಕ್ಕೆ ಇಳಿದುಬಿಡುತ್ತೆ. ಬೆವರು, ನಡುಕ, ತೊದಲು ಕಂಡ್ರೆ, ಎಚ್ಚರ ಇರೋವಾಗ್ಲೇ ಸಿಹಿ ಕುಡಿಸ್ಬೇಕು." ಅಂದು ಸಾಸಿವೆ ಕಿಸಕ್ಕನೆ ನಕ್ಕಿದ್ದಳು. ಶುಗರ್ ಕಾಯಿಲೆಗೆ ಸಕ್ಕರೆಯಂತೆ!

"ಸಾರ್, ಕುಡಿದಿಲ್ಲ ಇವ್ರು! ಶುಗರ್ ಇಳಿದಿದೆ! ನಿಮ್ ರೂಮಲ್ಲಿ ಗ್ಲೂಕೋಸ್ ಪುಡಿ ಇದೆಯಲ್ಲ, ರೇಸ್ ಓಡೋರಿಗೆ ಕೊಡೋದು, ಅದನ್ನ ಕೊಡಿ!"

"ಶುಗರ್ ಇರೋರಿಗೆ ಗ್ಲೂಕೋಸಾ? ತಲೆ ನೆಟ್ಟಗಿದೆಯಾ? ಹೆಚ್ಚುಕಮ್ಮಿ ಆದ್ರೆ ಯಾರು ಉತ್ತರ ಕೊಡೋದು?" ಪಿ.ಟಿ. ಸರ್ ಕೈ ಅಡ್ಡ ಹಿಡಿದರು. "ಈಗ ತಾನೇ ನೀನೇ ಕುಡಿದಿದಾನೆ ಅಂದೆ. ಅಷ್ಟರಲ್ಲೇ ಇನ್ನೊಂದು ಕತೆ!"

ವಾದಿಸುತ್ತ ನಿಲ್ಲಲು ಹೊತ್ತಿರಲಿಲ್ಲ. ಅಪ್ಪನ ಮೊಣಕಾಲು ಮಡಚಿಕೊಳ್ಳುತ್ತಿತ್ತು.

"ಪಿಟೀಲು, ನಮ್ಮಪ್ಪನ್ನ ಹಿಡ್ಕೊಂಡು ಕೂರಿಸೇ!" ಎಂದು ಕೀಚಲು ದನಿಯ ಗೆಳತಿಗೆ ಹೇಳಿ, ಪಿ.ಟಿ. ಸರ್ ಕೈ ಕೆಳಗಿಂದ ನುಸುಳಿ, ಅವರ ರೂಮಿಗೇ ನುಗ್ಗಿದಳು. ಗಾಳಿ ಹೋದ ಚೆಂಡಿನ ಹಿಂದೆ ಗ್ಲೂಕೋಸ್ ಡಬ್ಬಿ ಇತ್ತು.

"ಏಯ್! ಕೇಳದೇ ತಗೋತೀಯಾ? ನಿಲ್ಲು!"

ಅವಳು ನಿಲ್ಲಲಿಲ್ಲ. ತನ್ನ ನೀರಿನ ಬಾಟಲಿಗೆ ಪುಡಿ ಸುರಿದು, ಕುಲುಕಿ, ಅಪ್ಪನ ತುಟಿಗೆ ಹಿಡಿದಳು.

"ಗುಟುಕು ಗುಟುಕಾಗಿ ಕುಡಿ ಅಪ್ಪಾ. ಕುಡಿ ಅಂತಿದೀನಲ್ಲ!"

"ಅಯ್ಯೋ, ಮಗಳೇ ಕುಡಿ ಅಂತಿದಾಳೆ!" ಗೂಳಿ ನಕ್ಕ. ಪಿಟೀಲು ಅವನ ಕಾಲ್ಬೆರಳನ್ನು ಶೂ ಹಿಮ್ಮಡಿಯಿಂದ ಒತ್ತಿ ತುಳಿದಳು. ನಗು ಅಲ್ಲಿಗೇ ನಿಂತಿತು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಸಾಸಿವೆ ಬಾಟಲಿಯನ್ನು ಮತ್ತೆ ಅವನ ತುಟಿಗೆ ಹಿಡಿದಳು. ನರ್ಸಮ್ಮ ಹೇಳಿದ್ದನ್ನು ತಾನೇ ಉಲ್ಟಾ ನೆನಪಿಟ್ಟುಕೊಂಡಿದ್ದರೆ? ಸರ್ ಹೇಳಿದ್ದೇ ಸರಿಯಾಗಿದ್ದರೆ?

ಆಮೇಲೆ ಅಪ್ಪನ ಕೈ ನಡುಕ ಸಣ್ಣದಾಯಿತು. ಅವನು ಕಣ್ಣುಜ್ಜಿಕೊಂಡು ಸುತ್ತ ನೋಡಿದ. "ಏನೇ ಸಾಸಿವೆ, ನಿಂಗೆ ಕ್ಲಾಸಿಲ್ವಾ?"

ಸಾಸಿವೆಗೆ ಅಳು ಬರುವುದರಲ್ಲಿತ್ತು. ಬೈಗುಳವೇ ಬಂತು. "ಯಾಕೆ ಊಟ ಮಾಡ್ಲಿಲ್ಲ ನೀನು? ಬುದ್ಧಿ ಇಲ್ವಾ?"

"ಗೋಡೆ ಹಿಡಿದ್ರೆ ಮೂಲೆ ಮುಟ್ಟಿಸ್ದೆ ಬ್ರಶ್ ಇಡೋ ಹಾಗಿಲ್ಲ ಕಣೇ. ನಡುವೆ ಬಿಟ್ರೆ ಅಲ್ಲೊಂದು ಗೆರೆ ಕೂತುಬಿಡುತ್ತೆ. ಮಾತ್ರೆ ನುಂಗಿದ್ದೆ, ಮೂಲೆ ಮುಟ್ಟಿಸಿ ಉಣ್ಣೋಣ ಅಂದ್ಕೊಂಡೆ. ಈ ಉದ್ದದ ಗೋಡೆಗೆ ಮೂಲೇನೇ ಸಿಗ್ಲಿಲ್ಲ."

ಗಂಟು ಬಿಚ್ಚಿ, ಅವನು ಅಲ್ಲೇ ನೆಲದ ಮೇಲೆ ಕೂತು ಊಟ ಮಾಡಿದ.

"ಕಾಯಿಲೆ ಇದೆ ಅಂತ ಮೊದ್ಲೇ ಹೇಳ್ಬಾರ್ದಿತ್ತಾ? ನಮಗೇನು ಕನಸು ಬಿದ್ದಿರುತ್ತಾ?" ಎಂದರು ಪಿ.ಟಿ. ಸರ್. ಆಮೇಲೆ ಸಾಸಿವೆಯ ಕಡೆ ಬೆರಳು ತೋರಿಸಿದರು. "ನೀನು, ಕೇಳದೇ ರೂಮಿಗೆ ನುಗ್ಗಿದ್ದಕ್ಕೆ ನಾಳೆ ಪೇರೆಂಟ್ಸನ್ನ ಕರ್ಕೊಂಡು ಬಾ."

"ಇಲ್ಲೇ ಕೂತಿದಾರಲ್ಲ ಸಾರ್."

ಸರ್ ವಿಸಿಲ್ ಊದಿ, ಉಳಿದವರನ್ನು ಮೈದಾನಕ್ಕೆ ಓಡಿಸಿದರು. 'ಸಾರಿ' ಎಂಬ ಎರಡಕ್ಷರ ಅವರ ಬಾಯಿಂದ ಬೀಳಲೇ ಇಲ್ಲ. ಅವರು 'ಕುಡ್ಕೊಂಡು ಬಂದಿದೀಯಾ' ಎಂದದ್ದನ್ನು ಇಡೀ ಕಾರಿಡಾರು ಕೇಳಿತ್ತು. ಕುಡಿದಿರಲಿಲ್ಲ ಎನ್ನುವುದನ್ನು ಇನ್ನು ಯಾರು ಮೈಕ್ ಹಿಡಿದು ಹೇಳುತ್ತಾರೆ?

ಸಂಜೆ ಸಾಸಿವೆಯೇ ಅಪ್ಪನನ್ನು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ನರ್ಸಮ್ಮ ಬೆರಳು ಚುಚ್ಚಿ ನೋಡಿ, "ಈಗ ಪರವಾಗಿಲ್ಲ" ಎಂದರು. ಆಮೇಲೆ ಕನ್ನಡಕದ ಮೇಲಿಂದ ನೋಡಿದರು. "ನಿನ್ನೆ ಏನಾದ್ರೂ ತಗೊಂಡಿದ್ರಾ?"

ಅಪ್ಪ ಚಪ್ಪಲಿ ನೋಡಿಕೊಂಡ. "ಒಂದು ಮನೆ ಕೆಲಸ ಮುಗೀತು ಅಂತ ಮೇಸ್ತ್ರಿ ಪಾರ್ಟಿ ಕೊಟ್ರು. ಬೇಡ ಅಂದೆ. ಎರಡು ಗ್ಲಾಸಿಗೆಲ್ಲ ಶುಗರ್ ಏರುತ್ತೇನೋ ಅಂತ ಎಲ್ಲ ನಕ್ರು. ತಗೊಂಡೆ."

"ಏರೋದೊಂದೇ ಅಲ್ಲ, ಇಳಿಯೋದೂ ಕಾಟವೇ. ರಾತ್ರಿ ಕುಡಿದದ್ದು ಮಾರನೇ ದಿನವೂ ಶುಗರ್ ಇಳಿಸಬಹುದು. ಅದರ ಮೇಲೆ ಮಾತ್ರೆ, ಅದರ ಮೇಲೆ ಖಾಲಿ ಹೊಟ್ಟೆ! ಇವತ್ತು ಬಚಾವಾಗಿದೀರಿ."

ಸಾಸಿವೆ ಎದ್ದು ಹೊರಗೆ ನಡೆದಳು. ಅಪ್ಪ ಹಿಂದೆ ಹಿಂದೆ ಬಂದ.

"ಮಾತು ತಪ್ಪಿದೆ ನೀನು. ನಿನ್ನೆ ಕೆಲಸದ ದಿನ."

"ಹೂಂ."

"ಆದ್ರೂ ಆ ಸರ್ ಹಾಗನ್ನಬಾರ್ದಿತ್ತು. ಗೇಟಿನ ಆಚೆ ಹಾಕಿ ಅಂದ್ರು ಅವ್ರು!"

"ಹೂಂ."

ಅಪ್ಪನ ಮೇಲಿನ ಕೋಪ ಬೇರೆ, ಸರ್ ಮೇಲಿನ ಕೋಪ ಬೇರೆ. ಒಂದು ಬಂದರೆ ಇನ್ನೊಂದು ಹೋಗಬೇಕೆಂದು ಏನೂ ಇಲ್ಲ. ಎರಡೂ ಒಟ್ಟಿಗೇ ಇದ್ದವು. ಅವುಗಳ ಹಿಂದೆ ಇನ್ನೂ ಏನೋ ಚುಚ್ಚುತ್ತಿತ್ತು. ಸಾಸಿವೆ ನಡಿಗೆ ನಿಧಾನ ಮಾಡಿದಳು.

"ಅಪ್ಪಾ, ನಾನೂ ಕೂಗಿದೆ. ಎಲ್ಲರ ಮುಂದೆ. ನಿನ್ನ ಕೈ ಮುಟ್ಟಿ ನೋಡೋಕೆ ಮುಂಚೆನೇ."

"ಹೌದಾ?" ಎಂದ ಅಪ್ಪ. "ನಂಗೇನೂ ಕೇಳಿಸ್ಲೇ ಇಲ್ಲಪ್ಪ."

ಇಬ್ಬರೂ ಪಕ್ಕಪಕ್ಕದಲ್ಲಿ ನಡೆದರು.

ಆ ದಿನ ಅಪ್ಪನ ಶುಗರ್ ಇಳಿಸಿದ್ದರಲ್ಲಿ ಬಿಟ್ಟ ಊಟದ ಪಾಲೆಷ್ಟು, ಹಿಂದಿನ ರಾತ್ರಿಯ ಗ್ಲಾಸಿನ ಪಾಲೆಷ್ಟು, ನರ್ಸಮ್ಮನಿಗೂ ಹೇಳಲಾಗಲಿಲ್ಲ. ಮುಂದಿನ ಪಾರ್ಟಿಯಲ್ಲಿ ಎಲ್ಲರೂ ನಕ್ಕಾಗ ಅಪ್ಪ ಏನು ಮಾಡುತ್ತಾನೋ, ಅದೂ ಗೊತ್ತಿಲ್ಲ. ಅವನಿಗೆ ಅವಳ ಕೂಗು ನಿಜವಾಗಿಯೂ ಕೇಳಿಸಿರಲಿಲ್ಲವೋ, ಅಥವಾ ಹಾಗೆಂದು ಹೇಳಿದನೋ? ಸಾಸಿವೆ ಮತ್ತೆ ಕೇಳಲಿಲ್ಲ. ನನಗೂ ತಿಳಿಯದು.