ಕಂಬಳಿಯ ಮೇಲೆ ಕೂರದ ಗಂಡು

“ಬಾಗಿಲಲ್ಲಿ ನಿಂತ್ಕೋಬೇಡ. ಹೇಳೋದು ಹೇಳಿ ಹೊರಡು!”

ಎರಡು ವರ್ಷದ ಮೇಲೆ ಎದುರಾದ ಜ್ಞಾನೇಶನ ಮೊದಲ ಮಾತು ಇದು. ಶರಾವತಿಗೆ ಮೈ ಉರಿದುಹೋಯಿತು.

ಭದ್ರಾವತಿ ಹಳೇನಗರದ ಈ ಮೋಟಾರ್ ವೈಂಡಿಂಗ್ ಅಂಗಡಿಗೆ ಬರಲು ಅವಳಿಗೇನು ಹುಚ್ಚೇ? ಸೊಂಟದ ಕೀಲಿನ ಬಟ್ಟಲು ಮುರಿದು ಆಪರೇಷನ್ ಆದವರು ಆಮೇಲೆ ಹೇಗಿದ್ದಾರೆ ಎಂದು ವರ್ಷಕ್ಕೊಮ್ಮೆ ಕೇಳಿ ಬರೆದುಕೊಳ್ಳುವುದು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಅವಳ ಕೆಲಸ.

“ಫೋನ್ ಎತ್ತಿದ್ರೆ ನಾನ್ಯಾಕೆ ಬರ್ತಿದ್ದೆ?” ಫಾರಂ ತೆಗೆದಳು. “ನೋವಿದೆಯಾ?”

“ಇಲ್ಲ.”

“ಮೆಟ್ಟಿಲು ಹತ್ತೋದು?”

“ಓಡ್ತೀನಿ.”

ಹೊಳಲೂರಿನ ಬಳಿ ಲಾರಿ ಗುದ್ದಿ ಆಪರೇಷನ್ ಆದ ಮೊದಲ ವರ್ಷವೂ ಅವನು ಫೋನಿನಲ್ಲಿ ಹೀಗೇ ಹೇಳಿದ್ದ. ಆ ಉತ್ತರಗಳಿಗೆ ಫಾರಂನಲ್ಲಿ ನೂರಕ್ಕೆ ತೊಂಬತ್ತಾರು ಅಂಕ! ಆ ಖುಷಿಯಲ್ಲೇ ಮಾತು ಬೆಳೆದು, ಪ್ರೀತಿಯಾಗಿ, ಗೋಪಾಳದ ಅವಳ ಮನೆಯಲ್ಲಿ ವೀಳ್ಯಶಾಸ್ತ್ರದವರೆಗೂ ಬಂದಿತ್ತು.

ಶಾಸ್ತ್ರ ಮಾಡಿಸಲು ಬಂದ ಗುರುಗಳು, ಅಯ್ಯನವರ ಮುಂದೆ ಕಂಬಳಿ ಹಾಸಿದ್ದರು. ಅವಳು ಕೂತಿದ್ದಳು. ಇವನು ಮಾತ್ರ ನೆಂಟರೆಲ್ಲರ ಎದುರು ನಿಂತೇ, “ನಾನು ಕೂರಲ್ಲ” ಎಂದುಬಿಟ್ಟ!

ಅವಳ ತಂದೆ ಚಂದ್ರಶೇಖರಪ್ಪ ವೀಳ್ಯದ ತಟ್ಟೆ ಹಿಂದಕ್ಕೆ ಕೊಟ್ಟರು. ಅವನ ಕಡೆಯವರು ಊಟದ ಎಲೆ ಮುಂದೆಯೂ ಕೂರದೆ ಎದ್ದು ಹೋದರು. ಆಮೇಲೆ ಅವನು ಅವಳ ಫೋನನ್ನೇ ಎತ್ತಲಿಲ್ಲ.

‘ಅವರ ಪಕ್ಕ ಕೂರೋದಕ್ಕೂ ನಾನು ಯೋಗ್ಯಳಲ್ಲವಾ...?’ ಎರಡು ವರ್ಷ ಈ ಒಂದೇ ಪ್ರಶ್ನೆ ಅವಳನ್ನು ತಿಂದಿತ್ತು.

ಅಷ್ಟರಲ್ಲಿ ಮೇಜಿನಿಂದ ತಾಮ್ರದ ತಂತಿಯ ಸುರುಳಿ ಬಿದ್ದು ಉರುಳಿತು. ಜ್ಞಾನೇಶ್ ಬಗ್ಗಲಿಲ್ಲ. ಮೂಲೆಯಲ್ಲಿದ್ದ ಕೊಕ್ಕೆ ಕೋಲು ತೆಗೆದುಕೊಂಡು ಅದನ್ನು ಎಳೆಯತೊಡಗಿದ. ಎರಡು ಸಲ ತಪ್ಪಿತು. ಹಣೆಯಲ್ಲಿ ಬೆವರು ಮೂಡಿತು.

ಶರಾವತಿ ಸುತ್ತ ನೋಡಿದಳು. ಎಲ್ಲರೂ ನೆಲದ ಮೇಲೆ ಕೂತು, ಮೋಟಾರನ್ನು ಕಾಲ ನಡುವೆ ಇಟ್ಟುಕೊಂಡು ಮಾಡುವ ಕೆಲಸ ಇದು. ಇವನೊಬ್ಬನಿಗೆ ಎತ್ತರದ ಮೇಜು, ಎತ್ತರದ ಸ್ಟೂಲು.



“ನಿಮಗೆ... ನೆಲದ ಮೇಲೆ ಕೂರೋಕೆ ಆಗಲ್ವಾ?”

ಅವನು ಕೋಲನ್ನು ಮೂಲೆಗೆ ಒರಗಿಸಿದ.

“ಆವತ್ತೂ ಆಗ್ತಿರಲಿಲ್ವಾ?”

“ಆಪರೇಷನ್ ಆದ್ಮೇಲೆ ಯಾವತ್ತೂ ಆಗಿಲ್ಲ, ಶರಾವತಿ.”

“ಮತ್ತೆ ಹೇಳ್ಲಿಲ್ಲ ಯಾಕೆ?”

“ನಿನ್ನ ಫಾರಂನಲ್ಲಿ ಆ ಪ್ರಶ್ನೆ ಇತ್ತಾ?”

ಇರಲಿಲ್ಲ. ಸಾಕ್ಸ್ ಹಾಕುತ್ತೀರಾ, ಬಸ್ಸು ಹತ್ತುತ್ತೀರಾ ಎಂದೆಲ್ಲ ಇತ್ತು. ಯಾವುದೋ ಪರದೇಶದಲ್ಲಿ ಕುರ್ಚಿಯಲ್ಲೇ ಹುಟ್ಟಿ ಕುರ್ಚಿಯಲ್ಲೇ ಸಾಯುವವರು ಬರೆದ ಪ್ರಶ್ನೆಗಳು! ಲಿಂಗಪೂಜೆಗೆ ಕೂರುವವರು, ಪಂಕ್ತಿಯಲ್ಲಿ ಉಣ್ಣುವವರು ಅವರಿಗೆಲ್ಲಿ ಗೊತ್ತು?

“ಕೇಳಿದ ಪ್ರಶ್ನೆಗಾದ್ರೂ ನಿಜ ಹೇಳಿದ್ರಾ?”

“ಇಲ್ಲ.” ಅವನು ತಲೆ ತಗ್ಗಿಸಿದ. “ಫೋನಲ್ಲಿ ನಿನ್ನ ದನಿ ಕೇಳಿ... ಕುಂಟ ಅನ್ನಿಸ್ಕೊಳ್ಳೋಕೆ ಮನಸ್ಸಾಗ್ಲಿಲ್ಲ. ನೋವು ಅವತ್ತೂ ಇತ್ತು. ಈಗ ಕೀಲು ಸವೆದಿದೆ, ಬದಲಾಯಿಸ್ಬೇಕಂತೆ. ಆವತ್ತು ಕಂಬಳಿ ನೋಡಿದ ಕೂಡ್ಲೇ ನನ್ನ ಸುಳ್ಳೆಲ್ಲ ಬಯಲಾಯ್ತು ಅಂದ್ಕೊಂಡೆ. ನೀವೆಲ್ಲ ಅದನ್ನ ಸೊಕ್ಕು ಅಂದ್ಕೊಂಡ್ರಿ. ಕುಂಟನಿಗಿಂತ ಸೊಕ್ಕಿನವನೇ ವಾಸಿ ಅಂತ ಸುಮ್ನಾದೆ.”

“ವಾಸಿನಾ?” ಅವಳ ದನಿ ಒಡೆಯಿತು. “ಅಪ್ಪ ಹೋದ ವರ್ಷ ತೀರ್ಕೊಂಡ್ರು. ‘ಗುರುಗಳ ಮುಂದೆ ನಿಂತವನಿಗೆ ಮಗಳನ್ನ ಕೊಡೋಕೆ ಹೊರಟಿದ್ನಲ್ಲ’ ಅಂತ ಕೊನೇವರೆಗೂ ಕೊರಗಿದ್ರು. ಅವರಿಗೆ ಈಗ ಯಾರು ಹೇಳ್ತಾರೆ? ಹೇಳಿ!”

ಅವರು ತೀರಿಕೊಂಡಿದ್ದು ಜ್ಞಾನೇಶನಿಗೆ ಗೊತ್ತಿರಲಿಲ್ಲ. ಮೇಜು ಹಿಡಿದು ನಿಂತವನ ಕಣ್ಣು ತುಂಬಿತು.

ಅವನನ್ನು ಹೊಡೆಯಬೇಕು ಅನ್ನಿಸಿತು ಅವಳಿಗೆ. ಅಪ್ಪಿಕೊಂಡು ಅಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ. ಬಗ್ಗಿ ಸುರುಳಿಯನ್ನೆತ್ತಿ ಮೇಜಿನ ಮೇಲಿಟ್ಟಳು.

“ಬೇರೆ ಯಾರನ್ನಾದ್ರೂ ಮದ್ವೆ ಆಗು, ಮಾರಾಯ್ತಿ... ನನ್ನ ಜೊತೆ ಆಸ್ಪತ್ರೆ ಅಲೆಯೋದೇ ಆಗುತ್ತೆ.”

“ಆಗೋದಾಗಿದ್ರೆ ಎರಡು ವರ್ಷದಲ್ಲಿ ಆಗ್ತಿರಲಿಲ್ವಾ? ನಿಮ್ಮನ್ನ ಬಿಡೋಕೆ ಆಗ್ಲಿಲ್ಲ. ಕ್ಷಮಿಸೋಕೂ ಆಗ್ತಿಲ್ಲ.” ಕಣ್ಣೊರೆಸಿಕೊಂಡಳು. “ಭಾನುವಾರ ಮನೆಗೆ ಬನ್ನಿ. ಅವ್ವನ ಮುಂದೆ ಎಲ್ಲ ಹೇಳಿ.”

“ಬಯ್ತಾರೆ.”

“ಬಯ್ಯಲಿ. ಅವ್ವ ಕೂರು ಅನ್ನಲ್ಲ, ನಿಂತೇ ಬೈಸ್ಕೋಬೇಕು. ಎಷ್ಟು ಹೊತ್ತು ನಿಲ್ಲೋಕಾಗುತ್ತೆ?”

“ಎಷ್ಟು ಹೊತ್ತು ಬೇಕಾದ್ರೂ...” ಎಂದವನು ಅವಳ ಮುಖ ನೋಡಿ ಮಾತು ನಿಲ್ಲಿಸಿದ.

“ಹತ್ತು ನಿಮಿಷ, ಶರಾವತಿ. ಆಮೇಲೆ ಆಗಲ್ಲ.”

“ಸರಿ. ಹತ್ತು ನಿಮಿಷ ಆದ್ಮೇಲೆ ನನ್ನ ಹೆಗಲು ಹಿಡ್ಕೊಳ್ಳಿ.”