ಕೆರಿಯಪ್ಪನ ಹೆಸರಿನ ಪೇಜು

"ಇಲ್ಲೇ ಇತ್ತಲ್ಲ! ನಿನ್ನೆ ಮಧ್ಯಾಹ್ನ ಕೂಡ ಇಲ್ಲೇ ಇತ್ತು!"

ಮೇಧಾಳ ಆಯಿ, ಅಂದರೆ ಅಮ್ಮ, ಪರಿಮಳಾ ಕನ್ನಡಕವನ್ನು ಹಣೆಗೆ ಏರಿಸಿದಳು, ಮತ್ತೆ ಮೂಗಿಗೆ ಇಳಿಸಿದಳು. ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿದಳು. ಮೌಸ್ ಹಿಡಿದ ಕೈ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು.

"ಎಂತಾಯ್ತು ಪರಿಮಳಕ್ಕ?" ಕೌಂಟರಿನ ಆಚೆ ನಿಂತಿದ್ದ ಮಂಜಿ ಕೇಳಿದಳು.

"ಏನಿಲ್ಲ, ಸ್ವಲ್ಪ ತಡೀರಿ. ಎಲ್ಲೋ ಅಡಗಿ ಕೂತದೆ."

ಸಿದ್ದಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ಆಯಿಯದೊಂದು ಪುಟ್ಟ ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್ ಎಂಬುದು ಹೆಸರಿಗಷ್ಟೇ. ಪಹಣಿ, ಹಾಲ್ ಟಿಕೆಟ್, ರಿಸಲ್ಟ್, ಆನ್‌ಲೈನ್ ಅರ್ಜಿ, ಎಲ್ಲವೂ ಅಲ್ಲಿ ಆಗುತ್ತದೆ. ಮಂಜಿ ದೊಡ್ಮನೆ ಎಂಬ ಊರಿನಿಂದ ಬಸ್ಸಿನಲ್ಲಿ ಮಗಳು ನೀಲಾಳನ್ನು ಕರೆದುಕೊಂಡು ಬಂದಿದ್ದು ಅರ್ಜಿ ಹಾಕಲಿಕ್ಕೆ.

ನೀಲಾ ಕೂಡ ಮೇಧಾಳಂತೆ ಐದನೇ ಕ್ಲಾಸು. ಘಟ್ಟದ ಕೆಳಗಿನ ಒಂದು ವಸತಿ ಶಾಲೆಗೆ ಸೇರಬೇಕೆಂದು ಅವಳಿಗೆ ಆಸೆ. ಅದಕ್ಕೆ ಪರೀಕ್ಷೆ ಬರೆಯಬೇಕು. ಪರೀಕ್ಷೆ ಬರೆಯಬೇಕಾದರೆ ಅರ್ಜಿ ಹಾಕಬೇಕು. ಅವಳು ಜ್ವರ ಬಂದು ಎಂಟು ದಿನ ಮಲಗಿದ್ದರಿಂದ ಇವತ್ತಿನವರೆಗೂ ತಡವಾಗಿತ್ತು. ಇವತ್ತೇ ಕೊನೆಯ ದಿನ, ಅದೂ ಸಂಜೆ ಐದರವರೆಗೆ ಮಾತ್ರ. ಗೋಡೆ ಗಡಿಯಾರದಲ್ಲಿ ಆಗಲೇ ಮೂರೂವರೆ.

ಕಾಗದದ ಕಟ್ಟುಗಳ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಮೇಧಾ ಉಗುರು ಕಚ್ಚತೊಡಗಿದಳು. ಆಯಿ ಏನನ್ನು ಹುಡುಕುತ್ತಿದ್ದಾಳೆಂದು ಅವಳಿಗೆ ಗೊತ್ತು. ಅದು ಯಾಕೆ ಸಿಗುವುದಿಲ್ಲ ಎಂಬುದು ಇನ್ನೂ ಚೆನ್ನಾಗಿ ಗೊತ್ತು!

ಆದದ್ದು ಇಷ್ಟು. ನಿನ್ನೆ ಶಾಲೆಯಲ್ಲಿ ಕಂಪ್ಯೂಟರ್ ಮಿಸ್ ಬುಕ್‌ಮಾರ್ಕ್ ಪಾಠ ಮಾಡಿದ್ದರು. ಬೇಕಾದ ವೆಬ್‌ಸೈಟಿಗೆ ಗುರುತು ಇಟ್ಟುಕೊಳ್ಳಬೇಕು, ಫೋಲ್ಡರ್ ಮಾಡಿ ಜೋಡಿಸಬೇಕು, ಬೇಡದ್ದನ್ನು ಅಳಿಸಬೇಕು. ಸಂಜೆ ಆಯಿ ತರಕಾರಿಗೆಂದು ಪೇಟೆಗೆ ಹೋದಾಗ ಮೇಧಾ ಅಂಗಡಿಯ ಕಂಪ್ಯೂಟರಿನಲ್ಲಿ ಬುಕ್‌ಮಾರ್ಕ್ ಪಟ್ಟಿ ತೆರೆದು ನೋಡಿದಳು.

ಅಯ್ಯೋ ದೇವರೇ! ಅಲ್ಲಿ ವೆಬ್‌ಸೈಟುಗಳಿಗಿಂತ ಜನರೇ ಹೆಚ್ಚಿದ್ದರು. ಅಂದಾನಪ್ಪ. ಅಂದಾನಪ್ಪ ೨. ಮಾಗೋಡು ಮಾಷ್ಟ್ರು. ಉದಯನ ಅತ್ತೆ. ಕೆರಿಯಪ್ಪ. ಹಲ್ಲಿಲ್ಲದ ಅಜ್ಜಿ.

ಹಲ್ಲಿಲ್ಲದ ಅಜ್ಜಿ ಅಂತ ಯಾವ ವೆಬ್‌ಸೈಟ್ ಇರುತ್ತದೆ? ಮೇಧಾಳಿಗೆ ನಕ್ಕು ನಕ್ಕು ಹೊಟ್ಟೆನೋವು ಬಂತು. ಅಂದಾನಪ್ಪನನ್ನು ಒತ್ತಿ ನೋಡಿದಳು. ಅದು ಪಾಸ್‌ವರ್ಡ್ ಕೇಳಿತು. ಯಾರದೋ ಹಳೆಯ ಕಸ ಅಂದುಕೊಂಡಳು. ಸರ್ಕಾರ, ಬ್ಯಾಂಕು, ಬಸ್ಸು, ರಿಸಲ್ಟು ಅಂತ ಫೋಲ್ಡರ್ ಮಾಡಿ, ವೆಬ್‌ಸೈಟಿನ ಹೆಸರು ಇದ್ದವನ್ನೆಲ್ಲ ಅಚ್ಚುಕಟ್ಟಾಗಿ ಒಳಗೆ ಸೇರಿಸಿದಳು. ಮನುಷ್ಯರ ಹೆಸರು ಇದ್ದದ್ದು ಇಪ್ಪತ್ಮೂರು. ಎಲ್ಲವನ್ನೂ ಒಟ್ಟಿಗೆ ಹಿಡಿದು ಡಿಲೀಟ್ ಒತ್ತಿದಳು. ಆಯಿ ನೋಡಿದರೆ ಎಷ್ಟು ಖುಷಿಪಡುತ್ತಾಳೋ ಅಂತ ರಾತ್ರಿ ಊಟ ಮಾಡುವಾಗಲೂ ಒಳಗೊಳಗೇ ನಗುತ್ತಿದ್ದಳು.

ಈಗ ನಗು ಎಲ್ಲಿ ಬರಬೇಕು?

ಆಯಿ ಶಾಲೆಯ ಹೆಸರು ಟೈಪ್ ಮಾಡಿ ಹುಡುಕಿದಳು. ಹೋದ ವರ್ಷದ ಸುದ್ದಿ ಬಂತು. ಯಾರೋ ಹತ್ತು ನಿಮಿಷ ಮಾತಾಡುವ ವಿಡಿಯೋ ಬಂತು. ಶಾಲೆಯ ವೆಬ್‌ಸೈಟಿನಲ್ಲಿ ಮಕ್ಕಳು ಕವಾಯತು ಮಾಡುವ ಫೋಟೋ ಇತ್ತು, ಅರ್ಜಿ ಇರಲಿಲ್ಲ. ಇನ್ನೊಂದು ಪೇಜು ಬಂದ ತಕ್ಷಣ ಫೋನ್ ನಂಬರ್ ಕೇಳಿತು.

"ಇದು ಯಾರದೋ ಕಳ್ಳ ಪೇಜು. ಅರ್ಜಿ ಹಾಕೋ ಪೇಜು ಬೇರೆ ಕಡೆ ಇದೆ, ಮಂಜಿ. ನಾನು ಗುರುತು ಇಟ್ಟಿದ್ದೆ," ಎಂದು ಆಯಿ ಬೆವರು ಒರೆಸಿಕೊಂಡಳು. ಹಿಸ್ಟರಿ ತೆಗೆದು ನೋಡಿದಳು. ಅದರಲ್ಲಿ ಮೂರು ತಿಂಗಳಿನದು ಮಾತ್ರ ಇತ್ತು. ಆ ಪೇಜನ್ನು ತೆರೆದು ವರ್ಷವಾಗಿತ್ತು. ಶಾಲೆಗೆ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ.

ಆಯಿ ತಿರುಗಿ ನೋಡಿದಳು. "ಕೂಸೇ, ನೀನು ಇದ್ನ ಮುಟ್ಟಿದ್ಯ?"

"ಇಲ್ಲೆ," ಎಂದಳು ಮೇಧಾ. ಬಾಯಿಂದ ಅದು ತಾನಾಗಿ ಬಂದುಬಿಟ್ಟಿತು.

ನೀಲಾ ಮೆಲ್ಲಗೆ ಅವಳ ಸ್ಟೂಲಿನ ಪಕ್ಕ ಬಂದು ನಿಂತಳು. "ಸಿಗ್ತದಾ?" ಎಂದು ಪಿಸುಗುಟ್ಟಿದಳು. "ಆ ಶಾಲೆಯಲ್ಲಿ ಮೈಕ್ರೋಸ್ಕೋಪ್ ಇದೆಯಂತೆ. ಈರುಳ್ಳಿ ಸಿಪ್ಪೆ ಇಟ್ಟು ನೋಡಿದ್ರೆ ಒಳಗೆ ಇಟ್ಟಿಗೆ ಜೋಡಿಸಿದ ಹಾಗೆ ಕಾಣ್ತದಂತೆ. ನೀನು ನೋಡಿದೀಯಾ?"

ಮೇಧಾ ತಲೆ ಅಲ್ಲಾಡಿಸಿದಳು.

"ನಾನೂ ನೋಡಿಲ್ಲ. ಪುಸ್ತಕದಲ್ಲಿ ಚಿತ್ರ ನೋಡಿದ್ದಷ್ಟೇ." ನೀಲಾ ಗಡಿಯಾರದ ಕಡೆ ನೋಡಿದಳು. "ಸಿಗದಿದ್ರೆ ಎಂತ ಮಾಡೂಕಾಗ್ತದೆ, ಅಲ್ಲ?"

ಮೇಧಾ ಸ್ಟೂಲಿನಿಂದ ಇಳಿದಳು. ಇನ್ನು ಕೂತಿರಲು ಆಗಲಿಲ್ಲ.

"ಆಯಿ, ಆನೇ ಅಳಿಸಿದ್ದು. ನಿಂಗೆ ಚಂದ ಆಗ್ಲಿ ಹೇಳಿ..." ತಾನೇ ಅಳಿಸಿದ್ದೆಂದು ಒಪ್ಪಿಕೊಂಡವಳಿಗೆ ಅಳು ಬಂತು.

ಮಂಜಿ ಬೆಂಚಿನ ಮೇಲೆ ಕುಸಿದು ಕೂತಳು. ನೀಲಾ ಒಂದು ಹೆಜ್ಜೆ ಹಿಂದೆ ಸರಿದಳು.

"ಬೈಯ್ಯದು ಆಮೇಲೆ," ಎಂದಳು ಆಯಿ ಉಸಿರು ಬಿಟ್ಟು. "ಎಲ್ಲಾ ಹೋತಾ? ಕೆರಿಯಪ್ಪನೂ ಹೋತಾ?"

"ಕೆರಿಯಪ್ಪನೂ ಹೋತು. ಕೆರಿಯಪ್ಪ ಅಂದ್ರೆ ಯಾರು ಆಯಿ?"

"ಕೊಂಡ್ಲಿಯ ಕೆರಿಯಪ್ಪ. ಮೂರು ವರ್ಷದ ಹಿಂದೆ ಅವನ ಮೊಮ್ಮಗಳು ರೋಹಿಣಿಯ ಅರ್ಜಿ ಇಲ್ಲೇ ಹಾಕಿದ್ದು. ಅದೇ ಶಾಲೆಗೆ."

ಮೇಧಾ ಕಣ್ಣೊರೆಸಿಕೊಂಡಳು. ಅಂಗಡಿ ಹಾಕಿದಾಗಿನಿಂದ ಅವಳು ಈ ಅಂಗಡಿಯ ಪ್ರಿಂಟುಗಳನ್ನು ನೋಡಿದವಳು. ಪ್ರತಿ ಪ್ರಿಂಟಿನ ಅಡಿಯಲ್ಲೂ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರಗಳು ಬರುತ್ತವೆ. ಅದು ಆ ಪೇಜಿನ ವಿಳಾಸ.

"ಆಯಿ! ಅವ್ರ ಹತ್ರ ಅರ್ಜಿ ಪ್ರಿಂಟ್ ಇದ್ರೆ? ಅದರ ಕೆಳಗೆ ವಿಳಾಸ ಇರ್ತು!"

ಆಯಿಯ ಮುಖ ಅರಳಿತು. "ಹೌದಲೇ! ಓಡು ಕೂಸೇ. ಶಾಲೆಯವ್ರು ಫೋನ್ ಎತ್ತತ್ವ ಆನು ನೋಡ್ತಾ ಇರ್ತಿ."

"ನಾನೂ ಬರ್ತೇನೆ," ಎಂದು ನೀಲಾ ಹೊರಟೇಬಿಟ್ಟಳು.

ಇಬ್ಬರೂ ಮನೆಯ ಗುರುತು ಕೇಳಿಕೊಂಡು, ಪೇಟೆಯಂಚಿನ ಕೊಂಡ್ಲಿಯ ದಾರಿ ಹಿಡಿದು ಓಡಿದರು. ನೀಲಾ ಎರಡು ಹೆಜ್ಜೆ ಮುಂದೆಯೇ ಇದ್ದಳು.

"ನಂಗೆ ಬೈ ಬೇಕಾದ್ರೆ," ಎಂದಳು ಮೇಧಾ ಏದುಸಿರು ಬಿಡುತ್ತ.

"ಬೈತೇನೆ. ಈಗ ಓಡು, ಬೈದ್ರೆ ದಮ್ಮು ಸಾಲೂದಿಲ್ಲ."

ಕೆರಿಯಪ್ಪ ಮನೆ ಮುಂದಿನ ಜಗಲಿಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ. ಚಿರೆಕಲ್ಲಿನ ಗೋಡೆ ಕಟ್ಟಿ ಕಟ್ಟಿ ಸವೆದ ಮೊಣಕಾಲು ಅದು.

"ಯಾರು? ಪರಿಮಳಮ್ಮನ ಮಗಳಾ? ಬನ್ನಿ ಬನ್ನಿ! ನೀರು ಬೆಲ್ಲ ತರ್ತೆ, ಕೂತ್ಕಳಿ."

"ಬೇಡ ಅಜ್ಜ, ಟೈಮಿಲ್ಲ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಮೇಧಾ ವಿಷಯ ಹೇಳಿದಳು. ಅರ್ಧ ಅವಳು ಹೇಳಿದಳು, ಉಳಿದರ್ಧ ನೀಲಾ ಹೇಳಿದಳು.

ಕೆರಿಯಪ್ಪ ಗೋಡೆ ಹಿಡಿದು ಎದ್ದು ಒಳಗೆ ಹೋದ. ಟ್ರಂಕು ಕಿರ್ ಅಂದಿತು. ಮೇಧಾಳಿಗೆ ಒಂದೊಂದು ನಿಮಿಷವೂ ಉದ್ದವಾಯಿತು. ಅಂತೂ ಅವನು ಹೊರಗೆ ಬಂದಾಗ ಕೈಯಲ್ಲೊಂದು ಕಾಗದವಿತ್ತು. ಅದಕ್ಕೆ ಲ್ಯಾಮಿನೇಶನ್ ಬೇರೆ ಮಾಡಿಸಿದ್ದ!

"ಬಿಸಾಡೂಕೆ ಮನಸ್ಸು ಬರ್ಲಿಲ್ಲ ಮಗಾ," ಎಂದ. "ಮೂರು ದಿನ ನಿಮ್ಮಮ್ಮ ನನ್ನ ಕೆಲಸಕ್ಕೆ ಕೂತಿದ್ರು. ಮಧ್ಯಾಹ್ನ ಊಟಕ್ಕೂ ಏಳ್ಲಿಲ್ಲ. ಓದು ಬರದ ಮುದುಕ ಅಂತ ಒಂದು ಮಾತು ಜೋರು ಮಾಡ್ಲಿಲ್ಲ. ನಮ್ಮ ರೋಹಿಣಿ ಇವತ್ತು ಆ ಶಾಲೆಯಲ್ಲಿ ಓದ್ತಾಳೆ ಅಂದ್ರೆ ಅದು ಅವರ ಉಪಕಾರ."

ಮೇಧಾ ತಲೆ ತಗ್ಗಿಸಿದಳು. ನಿನ್ನೆ ಸಂಜೆ ಈ ಹೆಸರನ್ನೂ ಕಸ ಅಂತ ಗುಡಿಸಿ ಹಾಕಿದ್ದು ಅವಳೇ ಅಲ್ಲವೇ?

"ನೀನೂ ಅಲ್ಲಿಗೆ ಹೋಗ್ತೀಯಾ?" ಕೆರಿಯಪ್ಪ ನೀಲಾಳ ತಲೆ ಸವರಿದ. "ಹೆದರ್ಬೇಡ. ರೋಹಿಣಿ ಇದ್ದಾಳೆ, ನೋಡ್ಕಳ್ತಾಳೆ. ತಗೊಂಡು ಓಡಿ, ಓಡಿ!"

ಅವರು ಅಂಗಡಿ ಮುಟ್ಟಿದಾಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಆಯಿ ಕುರ್ಚಿಯನ್ನು ಮೇಧಾಳಿಗೆ ಬಿಟ್ಟುಕೊಟ್ಟಳು. "ನಿನ್ನ ಕಣ್ಣು ಚುರುಕು, ನೀನೇ ಟೈಪ್ ಮಾಡು."

ಆ ವಿಳಾಸವೋ, ರೈಲಿನಷ್ಟು ಉದ್ದ! ಅಡ್ಡಗೆರೆ, ಚುಕ್ಕೆ, ಅಂಕೆ, ಮತ್ತೆ ಅಡ್ಡಗೆರೆ. ಮೇಧಾ ಒಂದೊಂದೇ ಅಕ್ಷರ ನೋಡಿ ನೋಡಿ ಒತ್ತಿದಳು. ಎಂಟರ್ ಹೊಡೆದಳು.

ಪೇಜ್ ಸಿಗಲಿಲ್ಲ ಎಂದು ಬಂತು.

ಮತ್ತೆ ಮೊದಲಿನಿಂದ ಟೈಪ್ ಮಾಡಿದಳು. ಮತ್ತೆ ಅದೇ. ಮಂಜಿ ಬೆಂಚಿನಿಂದ ಎದ್ದು, ಕೂತು, ಮತ್ತೆ ಎದ್ದಳು.

ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದ ನೀಲಾ, "ಏ ತಡಿ!" ಎಂದಳು. "ನೀನು ಇಲ್ಲಿ ಒಂದು ಒತ್ತಿದೀಯ. ಇದು ಒಂದಲ್ಲ, ಇಂಗ್ಲಿಷ್ ಎಲ್ಲು. ನೋಡು, ಆಚೆ ಇರೋ ಒಂದಕ್ಕೆ ಮೂಗಿದೆ. ಇದಕ್ಕೆ ಮೂಗಿಲ್ಲ."

ಹೌದು! ಮೂಗಿಲ್ಲ! ಮೇಧಾ ಒಂದನ್ನು ತೆಗೆದು ಎಲ್ ಹಾಕಿದಳು. ಪರದೆ ಬಿಳಿಯಾಯಿತು, ಸ್ವಲ್ಪ ಹೊತ್ತು ಬಿಳಿಯಾಗಿಯೇ ಇತ್ತು. ಆಮೇಲೆ ಮೆಲ್ಲಗೆ ಅರ್ಜಿಯ ಪೇಜು ತೆರೆದುಕೊಂಡಿತು.

ಮುಂದಿನದೆಲ್ಲ ಆಯಿಯ ಕೆಲಸ. ಅವಳ ಬೆರಳು ಓಡಿದ್ದೇ ಓಡಿದ್ದು. ಹೆಸರು, ಹುಟ್ಟಿದ ದಿನ, ಫೋಟೋ, ಸಹಿ. ನಾಲ್ಕು ನಲವತ್ತೇಳಕ್ಕೆ ಹಸಿರು ಅಕ್ಷರದಲ್ಲಿ ಅರ್ಜಿ ಸ್ವೀಕರಿಸಲಾಗಿದೆ ಎಂದು ಬಂತು. ಪ್ರಿಂಟರ್ ಗುರ್ ಅಂದಿತು. ಮಂಜಿ ಬಿಸಿ ಬಿಸಿ ಕಾಗದವನ್ನು ಕಣ್ಣಿಗೊತ್ತಿಕೊಂಡಳು.

"ನಿಂಗೆ ಪುಣ್ಯ ಬರ್ಲಿ ಮಗಾ," ಎಂದಳು ಮೇಧಾಳ ಕೈ ಹಿಡಿದು.

"ನಂಗೆ ಬೇಡ ಮಂಜಕ್ಕ. ಅಳಿಸಿದ್ದೇ ನಾನು."

"ಅಳಿಸಿದೆ, ಹೌದು. ಹೇಳದೆ ಕೂತಿದ್ರೆ ನಾವು ಎಂತ ಮಾಡ್ತಿದ್ವಿ?" ಎಂದು ಮಂಜಿ ಅವಳ ಕೆನ್ನೆ ಚಿವುಟಿದಳು. ಸ್ವಲ್ಪ ಜೋರಾಗಿಯೇ ಚಿವುಟಿದಳು.

ಮೇಧಾಳಿಗೆ ಒಂದು ಮಾತು ಕೇಳದೆ ಇರಲಾಗಲಿಲ್ಲ. "ಆಯಿ, ವೆಬ್‌ಸೈಟಿಗೆ ಎಂತಕ್ಕೆ ಜನರ ಹೆಸರು ಇಟ್ಟಿದ್ದೆ?"

ಆಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಅಂಗಡಿ ಹಾಕಿದಾಗ ಎಂಗೆ ಎಂತ ಗೊತ್ತಿತ್ತು? ಝೆರಾಕ್ಸ್ ಒಂದು ಗೊತ್ತಿತ್ತು. ಈ ಪೇಜು ಹುಡುಕಲೆ ಮೂರು ದಿನ ಬೇಕಾತು. ಬೇರೆ ಅಂಗಡಿಗೆ ಹೋಗು ಮಾರಾಯ ಅಂದೆ. ಕೆರಿಯಪ್ಪ ಕೇಳಿದ್ದೇ ಇಲ್ಲೆ. 'ಹುಡುಕಿ ಅಮ್ಮಾ, ಸಿಗ್ತದೆ, ನಾ ಕೂತಿರ್ತೆ' ಹೇಳಿ ಮೂರು ದಿನ ಆ ಬೆಂಚಿನ ಮೇಲೆ ಕೂತ. ಅವ ಎದ್ದು ಹೋಗಿದ್ರೆ ಎಂಗೆ ಈ ಕೆಲಸ ಬರ್ತಿತ್ತಿಲ್ಲೆ. ಒಬ್ಬೊಬ್ರು ಒಂದೊಂದು ಪೇಜು ಕಲಿಸಿದ್ದು, ಕೂಸೇ. ಮರೀಲಾಗ ಹೇಳಿ ಅವ್ರ ಹೆಸರೇ ಇಟ್ಟಿದ್ದು."

ಮೇಧಾ ತಿರುಗಿ ಆ ಬೆಂಚನ್ನು ನೋಡಿದಳು.

"ಇನ್ನೂ ಇಪ್ಪತ್ತೆರಡು ಪೇಜು ಇದ್ದು," ಎಂದಳು ಆಯಿ. "ಯಾರ ಹತ್ರ ಯಾವ ಕಾಗದ ಇದ್ದು ಹೇಳಿ ನೀನೇ ಹೋಗಿ ಕೇಳಕ್ಕು."

"ಆತು," ಎಂದಳು ಮೇಧಾ. ಅದು ಶಿಕ್ಷೆ ಅಂತ ಅವಳಿಗೆ ಅನ್ನಿಸಲಿಲ್ಲ.

ಅಷ್ಟರಲ್ಲಿ ಹೊರಗಿನಿಂದ ಕೋಲಿನ ಸದ್ದು ಕೇಳಿತು. "ಹೋಯ್ತಾ? ಅರ್ಜಿ ಹೋಯ್ತಾ?" ಕೆರಿಯಪ್ಪ! ಮೊಣಕಾಲು ಎಳೆದುಕೊಂಡು ಅಷ್ಟು ದೂರ ನಡೆದೇ ಬಂದುಬಿಟ್ಟಿದ್ದ.

"ಹೋಯ್ತು, ಹೋಯ್ತು! ನಿನ್ನಿಂದ ಹೋಯ್ತು ಮಾರಾಯ!" ಆಯಿ ಬೆಂಚು ಒರೆಸಿ ಕೂರಿಸಿದಳು.

"ನನ್ನಿಂದ ಎಂತದು? ಎಲ್ಲ ನಿಮ್ಮ ಉಪಕಾರ."

"ನನ್ನದಲ್ಲ, ನಿನ್ನದು!"

"ಏ, ಬಿಡಿ ಅಮ್ಮಾ, ನಿಮ್ಮದೇ!"

ಜಗಳವೋ ಏನೋ ಅಂತ ದಾರಿಯಲ್ಲಿ ಹೋಗುವವರೊಬ್ಬರು ಇಣುಕಿ ನೋಡಿದರು.

ಮೇಧಾ ಬೆಂಚಿನ ಹತ್ತಿರ ಬಂದಳು. "ಅಜ್ಜ, ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರಿತ್ತು. ನಾನು ಅಳಿಸಿಬಿಟ್ಟಿದ್ದೆ. ತಪ್ಪಾಯ್ತು."

"ನನ್ನ ಹೆಸರಾ? ಇದರೊಳಗಾ?" ಕೆರಿಯಪ್ಪ ಕಣ್ಣರಳಿಸಿದ. ಆಯಿಯ ಕಡೆ ನೋಡಿದ. ಆಯಿ ನಾಚಿಕೊಂಡು ಪ್ರಿಂಟರಿನ ಕಾಗದ ಸರಿಮಾಡತೊಡಗಿದಳು. "ಎಲ್ಲಿ ಮಗಾ, ತೋರ್ಸು?"

ಮೇಧಾ ಮತ್ತೆ ಅರ್ಜಿಯ ಪೇಜಿಗೆ ಹೋಗಿ, ಗುರುತು ಇಡಲು ವಿಳಾಸದ ಪಕ್ಕದ ನಕ್ಷತ್ರ ಒತ್ತಿದಳು. ಒಂದು ಪುಟ್ಟ ಚೌಕ ತೆರೆಯಿತು. ಅದರೊಳಗೆ ತಾನಾಗಿ ಬಂದು ಕೂತಿದ್ದ ಉದ್ದದ ಇಂಗ್ಲಿಷ್ ಹೆಸರನ್ನು ಅಳಿಸಿ, ಕನ್ನಡದಲ್ಲಿ ಕೆರಿಯಪ್ಪ ಎಂದು ಟೈಪ್ ಮಾಡಿದಳು. ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಅವನಿಗೆ ತೋರಿಸಿದಳು. ಕೆರಿಯಪ್ಪ ಪರದೆಯತ್ತ ಬಾಗಿದ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

ಸೇವ್ ಒತ್ತಲು ಹೊರಟ ಮೇಧಾ ಒಂದು ಕ್ಷಣ ತಡೆದಳು. ಕೆರಿಯಪ್ಪ ಎಂಬುದರ ಮುಂದೆ ಇನ್ನೊಂದು ಹೆಸರು ಸೇರಿಸಿದಳು.

ಅವಳ ಹೆಗಲ ಮೇಲಿಂದ ಬಾಗಿ ನೋಡುತ್ತಿದ್ದ ನೀಲಾ ಜೋರಾಗಿ ಓದಿದಳು. "ಕೆರಿಯಪ್ಪ, ನೀಲಾ. ಏ, ನನ್ನ ಹೆಸರು ಎಂತಕ್ಕೆ?"

"ನಮ್ಮ ಅಂಗಡಿಯಲ್ಲಿ ಹಾಗೇ," ಎಂದಳು ಮೇಧಾ.